ರೋಮ್, ವಿಯೆನ್ನಾ, ಪ್ರಾಗ್: ಅತ್ತೆಯವರನ್ನು ಕರೆದುಕೊಂಡು ಹೋಗಲು ಯಾವ ತಿಂಗಳು ಸರಿ?

ಪ್ರಶ್ನೆ: ನಾವು ಶಿವಮೊಗ್ಗದವರು. ನಾನು, ನಮ್ಮ ಯಜಮಾನರು, 13 ಮತ್ತು 9 ವರ್ಷದ ಇಬ್ಬರು ಮಕ್ಕಳು ಹಾಗೂ 68 ವರ್ಷದ ಅತ್ತೆಯವರು ಸೇರಿ ಹತ್ತು ದಿನಗಳ ಮಟ್ಟಿಗೆ ರೋಮ್, ವಿಯೆನ್ನಾ, ಪ್ರಾಗ್ ನಗರಗಳನ್ನು ನೋಡಿ ಬರಬೇಕೆಂದಿದ್ದೇವೆ. ಅತ್ತೆಯವರಿಗೆ ಮಂಡಿನೋವು ಇದೆ, ಚಳಿಯೂ ಆಗಿಬರುವುದಿಲ್ಲ. ಎಲ್ಲರೂ ಸಸ್ಯಾಹಾರಿಗಳು. ಮಕ್ಕಳ ಬೇಸಿಗೆ ರಜೆ, ದಸರಾ ರಜೆ ಅಥವಾ ಡಿಸೆಂಬರ್ ಕೊನೆಯ ವಾರ, ಈ ಮೂರರಲ್ಲೊಂದಕ್ಕೆ ಹೊಂದಿಸಿಕೊಳ್ಳಬೇಕು. ಕ್ರಿಸ್‌ಮಸ್ ದೀಪಾಲಂಕಾರ ನೋಡದಿದ್ದರೆ ಯುರೋಪಿಗೆ ಹೋಗಿ ಏನು ಬಂತು ಎಂದು ಒಬ್ಬರು ಹೇಳುತ್ತಾರೆ. ಶಾಲೆಗೆ ರಜೆ ಹಾಕಿಸಿಯಾದರೂ ಜುಲೈನಲ್ಲೇ ಹೋಗಿ ಎಂದು ಇನ್ನೊಬ್ಬರು. ಯಾರ ಮಾತು ಕೇಳುವುದು?

ಉತ್ತರ: ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಪರಿಸ್ಥಿತಿಗೆ ಏಪ್ರಿಲ್ ಕೊನೆಯ ವಾರ ಹೊರಟು ಮೇ 10ರ ಒಳಗೆ ಮರಳಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಕೈಗೂಡದಿದ್ದರೆ ದಸರಾ ರಜೆಯಲ್ಲಿ ಹೋಗಬಹುದು, ಅದೂ ಹಬ್ಬವು ಅಕ್ಟೋಬರ್ ಮೊದಲ ಹತ್ತು ದಿನಗಳೊಳಗೆ ಬೀಳುವ ವರ್ಷದಲ್ಲಿ. ಡಿಸೆಂಬರನ್ನು ಈ ಸಲದ ಮಟ್ಟಿಗೆ ಕೈಬಿಡಿ. ಜುಲೈಗಾಗಿ ಶಾಲೆ ತಪ್ಪಿಸುವ ಅಗತ್ಯ ಖಂಡಿತ ಇಲ್ಲ.

ಯುರೋಪಿಗೆ ಹೊರಡುವ ನಮ್ಮವರೆಲ್ಲ ಮೊದಲು ಕೇಳುವುದು ಅಲ್ಲಿ ಎಷ್ಟು ಡಿಗ್ರಿ ಇರುತ್ತದೆ ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಅಲ್ಲಿ ಎಷ್ಟು ಗಂಟೆ ಬೆಳಕಿರುತ್ತದೆ ಎಂಬುದು. ಶಿವಮೊಗ್ಗದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ; ಆದ್ದರಿಂದ ಹಗಲಿನ ಉದ್ದವನ್ನು ಲೆಕ್ಕ ಹಾಕುವ ಅಭ್ಯಾಸವೇ ನಮಗಿಲ್ಲ. ಪ್ರಾಗ್‌ನಲ್ಲಿ ಡಿಸೆಂಬರ್ ಮೂರನೇ ವಾರದ ಹಗಲು ಕೇವಲ 8 ಗಂಟೆ, ಜೂನ್ ಮೂರನೇ ವಾರದ್ದು 16 ಗಂಟೆಗೂ ಮೀರಿದ್ದು. ವಿಯೆನ್ನಾದ ಸ್ಥಿತಿ ಹೆಚ್ಚುಕಡಿಮೆ ಅದೇ. ದಕ್ಷಿಣದಲ್ಲಿರುವ ರೋಮ್‌ನಲ್ಲಿ ಡಿಸೆಂಬರ್‌ನಲ್ಲೂ 9 ಗಂಟೆಗಳಷ್ಟು ಬೆಳಕು ಸಿಗುತ್ತದೆ.

ಮಂಡಿನೋವಿನ ಹಿರಿಯರೊಬ್ಬರು ಜೊತೆಯಲ್ಲಿದ್ದಾಗ ಈ ಲೆಕ್ಕಕ್ಕೆ ಬೇರೆಯೇ ತೂಕ ಬರುತ್ತದೆ, ಏಕೆಂದರೆ ಅವರಿಗೆ ಮಧ್ಯಾಹ್ನ ಎರಡು ಮೂರು ಗಂಟೆ ಕಾಲು ಚಾಚಿ ಮಲಗುವ ಅವಕಾಶ ಬೇಕೇ ಬೇಕು. ಮೇ ಮೊದಲ ವಾರದಲ್ಲಿ ರೋಮ್‌ನಲ್ಲಿ ಸೂರ್ಯ ಬೆಳಗಿನ ಆರಕ್ಕೆ ಹುಟ್ಟಿ ರಾತ್ರಿ ಎಂಟೂಕಾಲರ ಹೊತ್ತಿಗೆ ಮುಳುಗುತ್ತಾನೆ. ವಿಯೆನ್ನಾದಲ್ಲಿ ಐದೂವರೆಗೆ ಹುಟ್ಟಿ ಎಂಟೂಕಾಲಕ್ಕೆ. ಪ್ರಾಗ್‌ನಲ್ಲಿ ಮುಳುಗುವಾಗ ಎಂಟೂವರೆ. ಅಂದರೆ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ತಿರುಗಾಡಿ, ಕೋಣೆಗೆ ಬಂದು ಊಟ ಮಾಡಿ, ಅತ್ತೆಯವರು ನಿದ್ರೆ ತೆಗೆದು, ಕಾಫಿ ಕುಡಿದು ಐದಕ್ಕೆ ಮತ್ತೆ ಹೊರಟರೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಒಳ್ಳೆಯ ಬೆಳಕು ಉಳಿದಿರುತ್ತದೆ. ಡಿಸೆಂಬರ್‌ನಲ್ಲಿ ಇದೇ ದಿನಚರಿ ಇಟ್ಟುಕೊಂಡರೆ ಅವರು ನಿದ್ರೆಯಿಂದ ಏಳುವಷ್ಟರಲ್ಲಿ ಕತ್ತಲಾಗಿರುತ್ತದೆ. ವಿಯೆನ್ನಾ ಮತ್ತು ಪ್ರಾಗ್ ಎರಡರಲ್ಲೂ ಆಗ ಸೂರ್ಯಾಸ್ತ ಸಂಜೆ ನಾಲ್ಕರ ಆಸುಪಾಸು. ಕತ್ತಲಾಗುವುದರೊಳಗೆ ಎಲ್ಲ ಮುಗಿಸಬೇಕೆಂದು ಅವರನ್ನು ನಿಲ್ಲದೆ ನಡೆಸಿದರೆ ಮೂರನೆಯ ದಿನ ಅವರು ಕೋಣೆಯಲ್ಲೇ ಉಳಿಯುತ್ತಾರೆ, ಅವರ ಜೊತೆಗೆ ನೀವೂ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ಸೂಕ್ಷ್ಮವಿದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ನಮಗಿಂತ ಅವರು ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಊರಿನಲ್ಲಿ ಆರಕ್ಕೆ ಏಳುವವರಿಗೆ ಮೊದಲ ಎರಡು ದಿನ ಮೇ ತಿಂಗಳಲ್ಲಾದರೆ ಎರಡೂವರೆಗೆ, ಡಿಸೆಂಬರ್‌ನಲ್ಲಾದರೆ ಒಂದೂವರೆಗೇ ಎಚ್ಚರವಾಗುತ್ತದೆ. ಮೇ ತಿಂಗಳಲ್ಲಿ ಒಂದಷ್ಟು ಹೊರಳಾಡಿ, ಐದಕ್ಕೆ ಸ್ನಾನ ಮುಗಿಸಿ ಹೊರಟರೆ ಆರಕ್ಕೆಲ್ಲ ರೋಮ್‌ನ ಟ್ರೆವಿ ಕಾರಂಜಿಯ ಮುಂದೆ ನಿಂತಿರುತ್ತೀರಿ. ಹನ್ನೊಂದು ಗಂಟೆಗೆ ಕಾಲಿಡಲೂ ಜಾಗವಿರದ ಆ ಚೌಕದಲ್ಲಿ ಆ ಹೊತ್ತಿಗೆ ಬೆರಳೆಣಿಕೆಯ ಜನ ಮಾತ್ರ, ನೀರಿನ ಸದ್ದು ಬೀದಿಯ ತಿರುವಿನಿಂದಲೇ ಕೇಳಿಸುತ್ತದೆ. ಡಿಸೆಂಬರ್‌ನ ವಿಯೆನ್ನಾದಲ್ಲಿ ಸೂರ್ಯ ಹುಟ್ಟುವುದೇ ಏಳೂಮುಕ್ಕಾಲಿನ ಸುಮಾರಿಗೆ. ನಡುರಾತ್ರಿ ಎದ್ದ ಅತ್ತೆಯವರು ಆರು ಗಂಟೆ ಕಾಲ ಹೋಟೆಲ್ ಕೋಣೆಯಲ್ಲಿ ಡಿಕಾಕ್ಷನ್ ಬಿಸಿ ಮಾಡಿಕೊಂಡು ಬೆಳಗಾಗುವುದನ್ನೇ ಕಾಯುತ್ತ ಕೂರುವ ಚಿತ್ರ ನನಗಂತೂ ಹಿತವೆನಿಸುವುದಿಲ್ಲ.

ಇನ್ನು ಹವೆ. ಮೇ ಮೊದಲ ಭಾಗದಲ್ಲಿ ರೋಮ್‌ನ ಮಧ್ಯಾಹ್ನದ ಉಷ್ಣಾಂಶ ಸಾಮಾನ್ಯವಾಗಿ 22–23 ಡಿಗ್ರಿ, ವಿಯೆನ್ನಾದಲ್ಲಿ ಸುಮಾರು 20, ಪ್ರಾಗ್‌ನಲ್ಲಿ 18ರ ಆಸುಪಾಸು. ಬೆಳಗಿನ ಜಾವ ಪ್ರಾಗ್‌ನಲ್ಲಿ 7–8ಕ್ಕೆ ಇಳಿಯುತ್ತದೆ. ಆಗುಂಬೆಯ ಕಡೆ ಚಳಿಗಾಲದ ಬೆಳಗು ಕಂಡವರಿಗೆ ಇದು ಇನ್ನೂ ಕೆಲವು ಡಿಗ್ರಿ ಕೆಳಗೆ ಎಂದು ಹೇಳಬಹುದು; ಸ್ವೆಟರ್, ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಾಲುಚೀಲ ಇದ್ದರೆ ನಿಭಾಯಿಸಬಹುದಾದ ಚಳಿ. ಆದರೆ ಇದೇ ಮಾತನ್ನು ಏಪ್ರಿಲ್ ಮೊದಲ ಭಾಗದ ಬಗ್ಗೆ ಹೇಳಲಾರೆ. ಶಾಲೆಗೆ ರಜೆ ಸಿಕ್ಕ ಮರುದಿನವೇ ಹೊರಡುವ ಆತುರ ಬೇಡ ಎನ್ನುವುದು ಇದಕ್ಕೇ. ಪ್ರಾಗ್ ಇರುವ ಚೆಕ್ ದೇಶದ ಜನರಲ್ಲಿ ಒಂದು ಗಾದೆಯಿದೆ: ಮಾರ್ಚ್‌ನಲ್ಲಿ ಒಲೆಯ ಹಿಂದೆ ಹೋಗಿ ಕೂರೋಣ, ಏಪ್ರಿಲ್‌ನಲ್ಲೂ ಅಲ್ಲೇ ಇರೋಣ. ಬಿಸಿಲು, ಆಲಿಕಲ್ಲು, ಒಮ್ಮೊಮ್ಮೆ ಹಿಮ, ಎಲ್ಲವನ್ನೂ ಒಂದೇ ವಾರದಲ್ಲಿ ತೋರಿಸುವ ತಿಂಗಳು ಅದು. ನಮ್ಮ ರೈತರು ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗೆ ನಕ್ಷತ್ರಗಳ ಹೆಸರಿಟ್ಟಂತೆ ಮಧ್ಯ ಯುರೋಪಿನ ರೈತರು ಚಳಿಗೆ ಸಂತರ ಹೆಸರಿಟ್ಟಿದ್ದಾರೆ: ಮೇ 12ರಿಂದ 15ರವರೆಗಿನ ದಿನಗಳನ್ನು ಅವರು ‘ಹಿಮದ ಸಂತರು’ ಎಂದು ಕರೆದು, ಅದು ಕಳೆಯುವವರೆಗೆ ಎಳೆಯ ಸಸಿಗಳನ್ನು ಹೊರಗೆ ನೆಡದೆ ಕಾಯುತ್ತಿದ್ದರು. ಪ್ರತಿವರ್ಷವೂ ಆ ನಾಲ್ಕು ದಿನ ತಪ್ಪದೆ ಚಳಿ ಬೀಳುತ್ತದೆಂದೇನಲ್ಲ. ಮೇ ಬಂತೆಂದು ಜಾಕೆಟ್ಟನ್ನು ಮನೆಯಲ್ಲಿ ಬಿಟ್ಟು ಹೊರಡಬಾರದು ಎಂಬುದಕ್ಕೆ ಆ ನಂಬಿಕೆ ಸಾಕು.

ಮಳೆಯ ವಿಷಯದಲ್ಲಿ ನಮ್ಮ ಅನುಭವ ದಾರಿ ತಪ್ಪಿಸುತ್ತದೆ. ವಿಯೆನ್ನಾದಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 650 ಮಿ.ಮೀ., ಪ್ರಾಗ್‌ನಲ್ಲಿ ಸುಮಾರು 500. ಮಲೆನಾಡಿನವರಿಗೆ ಇವು ಮಳೆಯೆಂದೇ ಅನ್ನಿಸುವುದಿಲ್ಲ. ಅಲ್ಲಿ ತೊಂದರೆ ಕೊಡುವುದು ಮಳೆಯ ಪ್ರಮಾಣಕ್ಕಿಂತ ಅದರ ಕೆಳಗಿರುವ ನೆಲ. ರೋಮ್‌ನ ಹಳೆಯ ಬೀದಿಗಳಿಗೆ ‘ಸಾಂಪಿಯೆತ್ರಿನಿ’ ಎಂಬ ಕಪ್ಪು ಶಿಲೆಯ ಚಿಕ್ಕ ಚಿಕ್ಕ ಕಲ್ಲುಗಳನ್ನು ಹಾಸಿದ್ದಾರೆ. ನೂರಾರು ವರ್ಷ ಗಾಡಿ ಉರುಳಿ ಅವುಗಳ ತಲೆ ನುಣುಪಾಗಿದೆ, ನಡುವಿನ ಸಂದುಗಳು ತಗ್ಗಾಗಿವೆ. ಒದ್ದೆಯಾದರೆ ಎಣ್ಣೆ ಸವರಿದ ಹಾಗೆ ಜಾರುತ್ತವೆ. ರೋಮ್‌ನಲ್ಲಿ ಮಳೆ ಹೆಚ್ಚು ಬೀಳುವುದು ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ. ಮಂಡಿನೋವಿರುವವರಿಗೆ ಒಣನೆಲದ ಮೇ ತಿಂಗಳು ಉತ್ತಮ ಎನ್ನಲು ಇದೂ ಒಂದು ಕಾರಣ. ಅತ್ತೆಯವರು ಯಾವ ಋತುವಿನಲ್ಲೇ ಹೋಗಲಿ, ಚಪ್ಪಲಿ ಬೇಡ. ರಬ್ಬರ್ ಅಟ್ಟೆಯ ಶೂಗಳನ್ನು ಒಂದು ತಿಂಗಳು ಮೊದಲೇ ಕೊಡಿಸಿ, ದಿನಾ ಸಂಜೆ ಹಾಕಿಕೊಂಡು ನಡೆದು ರೂಢಿ ಮಾಡಿಕೊಳ್ಳಲಿ. ಸೀರೆಯ ಅಂಚನ್ನು ಕಣಕಾಲಿನ ಮೇಲಕ್ಕೆ ಬರುವಂತೆ ಉಡುವುದು ಒಳ್ಳೆಯದು, ಕಲ್ಲುಹಾಸಿನ ಸಂದಿಗೆ ನೆರಿಗೆ ಸಿಕ್ಕಿಕೊಂಡು ಮುಗ್ಗರಿಸಿದವರನ್ನು ನೋಡಿದ್ದೇನೆ.

ಮೇ ತಿಂಗಳಿಗೆ ದೋಷವೇ ಇಲ್ಲವೆಂದಲ್ಲ. ಹೋಟೆಲ್ ದರ ರೋಮ್‌ನಲ್ಲಿ ಏರುವುದು ಈಸ್ಟರ್, ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ. ಜನರ ಊಹೆಗೆ ವಿರುದ್ಧವಾಗಿ, ಸುಡುಬಿಸಿಲಿನ ಆಗಸ್ಟ್‌ನಲ್ಲಿ ಅದೇ ಕೋಣೆ ಅಗ್ಗವಾಗಿರುತ್ತದೆ. ನಮ್ಮ ಕಡೆಯಿಂದ ಬೇಸಿಗೆ ರಜೆಗೆ ಹೊರಡುವವರ ದಟ್ಟಣೆಯಿಂದ ವಿಮಾನದ ಟಿಕೆಟ್ ದರವೂ ಏಪ್ರಿಲ್-ಮೇನಲ್ಲಿ ಹೆಚ್ಚಿರುತ್ತದೆ. ಇವೆರಡಕ್ಕೂ ಮದ್ದು ಬೇಗ ಕಾಯ್ದಿರಿಸುವುದು, ಬೇರೆ ಉಪಾಯವಿಲ್ಲ. ಈಸ್ಟರ್ ಮಾತ್ರ ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾದ ದಿನ. ನಮ್ಮ ಹಬ್ಬಗಳ ಹಾಗೆ ಅದೂ ಚಂದ್ರನನ್ನು ಹಿಡಿದು ಸಾಗುತ್ತದೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ, ಅಂದರೆ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಆ ಭಾನುವಾರಕ್ಕೆ ಮೊದಲ ವಾರವಿಡೀ ಜಗತ್ತಿನ ಕ್ಯಾಥೋಲಿಕ್ ಯಾತ್ರಿಕರು ರೋಮ್‌ಗೆ ಬಂದಿಳಿದಿರುತ್ತಾರೆ. ಅದರ ಜೊತೆಗೆ ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ರಾಷ್ಟ್ರೀಯ ರಜೆಗಳು; ಅವು ವಾರಾಂತ್ಯಕ್ಕೆ ಅಂಟಿಕೊಂಡ ವರ್ಷ ಸ್ಥಳೀಯರೂ ಪ್ರವಾಸ ಹೊರಡುತ್ತಾರೆ. ಆದ್ದರಿಂದ ನಿಮ್ಮ ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಈಸ್ಟರ್ ಕಳೆದು ಒಂದು ವಾರವಾದರೂ ಆದ ಮೇಲೆ ರೋಮ್ ತಲುಪುವಂತೆ ದಿನಾಂಕ ಗೊತ್ತುಮಾಡಿ.

ಊರುಗಳ ಸರದಿಯೂ ಋತುವಿಗೆ ಸೇರಿದ ವಿಷಯವೇ. ವಸಂತ ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ, ಚಳಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಏಪ್ರಿಲ್-ಮೇನಲ್ಲಿ ಹೋಗುವುದಾದರೆ ರೋಮ್‌ನಿಂದ ಆರಂಭಿಸಿ, ವಿಯೆನ್ನಾ ನೋಡಿ, ಪ್ರಾಗ್‌ನಲ್ಲಿ ಮುಗಿಸಿ. ದಸರಾ ಹೊತ್ತಿಗಾದರೆ ಪ್ರಾಗ್‌ನಿಂದ ಆರಂಭಿಸಿ ರೋಮ್‌ಗೆ ಇಳಿದು ಬನ್ನಿ. ಒಂದು ನಗರಕ್ಕೆ ಹೋಗಿ ಇನ್ನೊಂದರಿಂದ ಮರಳುವ ಟಿಕೆಟ್ಟನ್ನು ಒಂದೇ ಬುಕಿಂಗ್‌ನಲ್ಲಿ ಮಾಡಬಹುದು. ಹೊರಟ ಊರಿಗೇ ಹಿಂತಿರುಗಿ ವಿಮಾನ ಹಿಡಿಯಬೇಕೆಂಬ ನಿಯಮವಿಲ್ಲ. ರೋಮ್-ವಿಯೆನ್ನಾ ನಡುವೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ಪ್ರಯಾಣ, ವಿಯೆನ್ನಾ-ಪ್ರಾಗ್ ನಡುವೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ರೋಮ್‌ಗೆ ನಾಲ್ಕು ರಾತ್ರಿ, ಉಳಿದೆರಡಕ್ಕೆ ಮೂರು ಮೂರು ರಾತ್ರಿ ಎಂದು ಹಂಚಿಕೊಳ್ಳಿ.

ಈಗ ದಸರಾ ರಜೆ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ಭಾಗದಲ್ಲಿ ಮಧ್ಯ ಯುರೋಪಿನಲ್ಲಿ ಗಾಳಿ ನಿಂತು, ಮುಂಜಾನೆಯ ಮಂಜು ಹತ್ತು ಗಂಟೆಗೆ ಕರಗಿ, ಎಳೆಬಿಸಿಲು ಕಾಯುವ ಕೆಲವು ದಿನಗಳು ಬರುತ್ತವೆ. ಚೆಕ್ ಭಾಷೆಯಲ್ಲಿ ಅದಕ್ಕೆ ‘ಬಾಬೀ ಲೇತೊ’ ಎಂದು ಹೆಸರು, ಅಂದರೆ ಅಜ್ಜಿಯ ಬೇಸಿಗೆ. ರೋಮ್‌ನವರಿಗೂ ಅಕ್ಟೋಬರ್‌ನ ಈ ಹಿತವಾದ ದಿನಗಳಿಗೆ ‘ಒತ್ತೊಬ್ರಾತಾ’ ಎಂಬ ಪ್ರತ್ಯೇಕ ಪದವಿದೆ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ನಗರದವರು ಊರ ಹೊರಗಿನ ತೋಟಗಳಿಗೆ ಹೋಗಿ ಉಂಡು ಹಾಡಿ ಬರುತ್ತಿದ್ದುದರಿಂದ ಹುಟ್ಟಿದ ಹೆಸರದು. ಅಕ್ಟೋಬರ್‌ನಲ್ಲಿ ರೋಮ್‌ನ ಮಧ್ಯಾಹ್ನ 22 ಡಿಗ್ರಿ, ವಿಯೆನ್ನಾದಲ್ಲಿ 15, ಪ್ರಾಗ್‌ನಲ್ಲಿ 13–14. ತಿಂಗಳ ಆರಂಭದಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ, ನಮ್ಮ ಊರಿಗಿಂತ ತುಸುವೇ ಕಡಿಮೆ. ಆದರೆ ಅಲ್ಲಿಂದ ಮುಂದೆ ವಿಯೆನ್ನಾ, ಪ್ರಾಗ್‌ಗಳಲ್ಲಿ ಬೆಳಕು ದಿನಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಸೋರಿಹೋಗುತ್ತದೆ. ದಸರಾ ಒಮ್ಮೆ ಅಕ್ಟೋಬರ್ ಆರಂಭಕ್ಕೆ, ಒಮ್ಮೆ ಮೂರನೇ ವಾರಕ್ಕೆ ಬೀಳುವುದರಿಂದ ವರ್ಷ ನೋಡಿ ಆರಿಸಿಕೊಳ್ಳಬೇಕು. ಹಬ್ಬ ತಡವಾದ ವರ್ಷ ಪ್ರಾಗ್ ಬಿಟ್ಟು, ರೋಮ್ ಮತ್ತು ಫ್ಲಾರೆನ್ಸ್ ಎರಡಕ್ಕೇ ತೃಪ್ತರಾಗುವುದು ಜಾಣತನ. ಅವೆರಡರ ನಡುವೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಅಷ್ಟೇ.

ಅಕ್ಟೋಬರ್‌ಗೆ ಸಂಬಂಧಿಸಿದ ಒಂದು ಸಂಗತಿಯನ್ನು ಪ್ರವಾಸ ಕಂಪನಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಇಟಲಿಯಲ್ಲಿ ಮನೆ ಬಿಸಿ ಮಾಡುವ ಹೀಟಿಂಗ್ ವ್ಯವಸ್ಥೆಯನ್ನು ಯಾವ ದಿನದಿಂದ ಯಾವ ದಿನದವರೆಗೆ ಉರಿಸಬಹುದೆಂದು ಕಾನೂನೇ ಪ್ರದೇಶವಾರು ನಿಗದಿ ಮಾಡಿದೆ. ರೋಮ್ ಸೇರುವ ವಲಯಕ್ಕೆ ಅದು ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ. ಅಡುಗೆಮನೆ ಇರಲಿ ಎಂದು ಸಸ್ಯಾಹಾರಿಗಳು ಬಾಡಿಗೆ ಅಪಾರ್ಟ್‌ಮೆಂಟ್ ಹಿಡಿಯುವುದು ಹೆಚ್ಚು. ಅಕ್ಟೋಬರ್ ಕೊನೆಯಲ್ಲಿ ಮೂರು ದಿನ ಮಳೆ ಹಿಡಿದು ಗೋಡೆಗಳು ತಣ್ಣಗಾದರೆ ಅಂಥ ಮನೆಯಲ್ಲಿ ರೇಡಿಯೇಟರ್ ಗೋಡೆಯಲ್ಲಿದ್ದರೂ ಬಿಸಿಯಾಗದು. ನಿಮ್ಮ ಆತಿಥೇಯರನ್ನು ದೂರಿ ಫಲವಿಲ್ಲ. ಏಪ್ರಿಲ್ ಕೊನೆಯಲ್ಲೂ ಇದೇ ಪರಿಸ್ಥಿತಿ ಬರಬಹುದು, ಆದರೆ ಆಗ ದಿನದಿಂದ ದಿನಕ್ಕೆ ಬಿಸಿಲು ಏರುತ್ತಿರುತ್ತದೆ. ಬಿಸಿಗಾಳಿಯ ಏಸಿ ಇರುವ ಮನೆಯೇ ಎಂದು ಕಾಯ್ದಿರಿಸುವ ಮೊದಲು ಕೇಳಿಕೊಳ್ಳಿ.

ಡಿಸೆಂಬರ್ ಬೇಡವೆಂದೆ, ಅಲ್ಲಿನ ದೀಪಾಲಂಕಾರ ಸಾಮಾನ್ಯವೆಂಬ ಕಾರಣಕ್ಕಲ್ಲ. ವಿಯೆನ್ನಾದ ನಗರಸಭೆಯ ಮುಂದೆ ನವೆಂಬರ್ ನಡುವಿನಿಂದ ನಡೆಯುವ ಕ್ರಿಸ್‌ಮಸ್ ಸಂತೆ ನಿಜಕ್ಕೂ ಸುಂದರ; ಸುಟ್ಟ ಚೆಸ್ಟ್‌ನಟ್ ಕಾಯಿಯ ವಾಸನೆ, ಮರಮರಕ್ಕೂ ದೀಪ, ಚಳಿಯಲ್ಲಿ ಮಕ್ಕಳ ಬಾಯಿಂದ ಬರುವ ಹಬೆ. ಆದರೆ ನಿಮ್ಮ ಮಕ್ಕಳಿಗೆ ರಜೆ ಸಿಗುವುದು ಕೊನೆಯ ವಾರದಲ್ಲಿ, ಅಷ್ಟರಲ್ಲಿ ಸಂತೆಗಳ ಭರಾಟೆ ಮುಗಿದಿರುತ್ತದೆ. ಕ್ರಿಸ್‌ಮಸ್ ಹಬ್ಬವೆಂದರೆ ಅಲ್ಲಿ ಬೀದಿಯ ಸಂಭ್ರಮ ಎಂದು ನಾವು ಭಾವಿಸುತ್ತೇವೆ. ಅದು ಬಾಗಿಲು ಹಾಕಿಕೊಂಡು ಮನೆಯೊಳಗೆ ಆಚರಿಸುವ ಹಬ್ಬ. 2015ರ ಡಿಸೆಂಬರ್ 24ರ ಗುರುವಾರ ನಾನು ಮಧ್ಯಾಹ್ನ ಮೂರಕ್ಕೆ ವಿಯೆನ್ನಾದಲ್ಲಿ ಇಳಿದೆ. ಅಂಗಡಿಗಳೆಲ್ಲ ಆಗಲೇ ಮುಚ್ಚಿದ್ದವು. ಮರುದಿನ ಕ್ರಿಸ್‌ಮಸ್, ಅದರ ಮರುದಿನ ಸಂತ ಸ್ಟೀಫನ್ ದಿನದ ರಜೆ, ಆಮೇಲೆ ಭಾನುವಾರ; ಆಸ್ಟ್ರಿಯದಲ್ಲಿ ಭಾನುವಾರ ಕೆಲವೇ ವಿನಾಯಿತಿಗಳನ್ನು ಬಿಟ್ಟು ಅಂಗಡಿಗಳನ್ನು ಕಾನೂನಿನ ಪ್ರಕಾರವೇ ತೆರೆಯುವಂತಿಲ್ಲ. ರೈಲು ನಿಲ್ದಾಣದೊಳಗಿನ ಅಂಗಡಿಯ ಮುಂದೆ ಊರಿನ ಪರದೇಶಿಗಳೆಲ್ಲ ಸಾಲು ನಿಂತಿದ್ದರು, ನಾನೂ ಒಬ್ಬ. ಅದೃಷ್ಟಕ್ಕೆ ಪೆಟ್ಟಿಗೆಯಲ್ಲಿ ಚಟ್ನಿಪುಡಿಯೂ ಜೋಳದ ಕಟಿರೊಟ್ಟಿಯೂ ಇದ್ದವು. ಕ್ರಿಸ್‌ಮಸ್ ಗುರು-ಶುಕ್ರವಾರಕ್ಕೆ ಹೊಂದಿ ಬರುವ ಇದೇ ಜೋಡಣೆ 2026ರಲ್ಲೂ ಇದೆ.

ಚಳಿಯ ಬಗ್ಗೆ ಒಂದು ನ್ಯಾಯದ ಮಾತು ಹೇಳಬೇಕು. ಡಿಸೆಂಬರ್‌ನಲ್ಲಿ ವಿಯೆನ್ನಾದ ಹಗಲು 4 ಡಿಗ್ರಿಯ ಆಸುಪಾಸು, ರಾತ್ರಿ ಸೊನ್ನೆಯ ಸುತ್ತಮುತ್ತ. ಪ್ರಾಗ್ ಇನ್ನೂ ಒಂದೆರಡು ಡಿಗ್ರಿ ಕೆಳಗೆ. ಆದರೆ ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಬೆಚ್ಚಗೆ. ನಮ್ಮವರನ್ನು ಸುಸ್ತು ಮಾಡುವುದು ಚಳಿಗಿಂತ ಹೆಚ್ಚಾಗಿ ಈ ಒಳಗು-ಹೊರಗಿನ ಓಡಾಟ: ಮ್ಯೂಸಿಯಂಗೆ ಹೋದರೆ ಕೋಟು ಬಿಚ್ಚಿ ಕೌಂಟರಿನಲ್ಲಿ ಒಪ್ಪಿಸಿ ಬಿಲ್ಲೆ ಪಡೆಯಬೇಕು, ಹೊರಡುವಾಗ ಮಫ್ಲರ್, ಟೊಪ್ಪಿ, ಕೈಗವಸು ಒಂದೊಂದೇ ಏರಿಸಬೇಕು, ಐದು ಜನರ ಕುಟುಂಬಕ್ಕೆ ಪ್ರತಿಸಲವೂ ಕಾಲು ಗಂಟೆ ಬೇಕು, ಒಂದು ಕೈಗವಸು ಎಲ್ಲೋ ಬಿದ್ದಿರುತ್ತದೆ. ಸೀರೆಯ ಒಳಗೆ ಥರ್ಮಲ್ ತೊಟ್ಟ ಹಿರಿಯರಿಗೆ ಒಳಗಡೆ ಅದನ್ನು ಬಿಚ್ಚುವ ಉಪಾಯವೂ ಇರುವುದಿಲ್ಲ, ಬೆವರುತ್ತ ಕೂರುತ್ತಾರೆ. ಇದಲ್ಲದೆ ಬಯಲಿನ ಸ್ಥಳಗಳೆಲ್ಲ ಬೇಗ ಬಾಗಿಲು ಹಾಕುತ್ತವೆ. ರೋಮ್‌ನ ಕೊಲೋಸಿಯಂ ಬೇಸಿಗೆಯಲ್ಲಿ ಸಂಜೆ ಏಳು ದಾಟುವವರೆಗೆ ತೆರೆದಿದ್ದರೆ ಚಳಿಗಾಲದಲ್ಲಿ ನಾಲ್ಕೂವರೆಗೆ ಮುಚ್ಚುತ್ತದೆ, ಒಳಗೆ ಬಿಡುವುದು ಅದಕ್ಕೂ ಒಂದು ಗಂಟೆ ಮೊದಲೇ ನಿಲ್ಲುತ್ತದೆ. ಪ್ರಾಗ್ ಕೋಟೆಯ ತೋಟಗಳು, ವಿಯೆನ್ನಾದ ಪಶ್ಚಿಮಕ್ಕಿರುವ ವಾಖಾವ್ ಕಣಿವೆಯ ಡ್ಯಾನ್ಯೂಬ್ ದೋಣಿ ವಿಹಾರ, ಇವು ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಾತು. ಡಿಸೆಂಬರ್‌ನಲ್ಲೇ ಹೋಗಬೇಕೆಂದು ಮನೆಯಲ್ಲಿ ಹಠ ಹುಟ್ಟಿದರೆ ಮೂರೂ ನಗರಗಳ ಆಸೆ ಬಿಟ್ಟು ರೋಮ್ ಒಂದನ್ನೇ ನೋಡಿ ಬನ್ನಿ. ಅಲ್ಲಿ ಹಗಲು 12–13 ಡಿಗ್ರಿ ಇರುತ್ತದೆ.

ಜುಲೈ-ಆಗಸ್ಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರೋಮ್‌ನಲ್ಲಿ ಸರಾಸರಿ 31–32 ಡಿಗ್ರಿ, ಹಲವು ದಿನ 35 ದಾಟುತ್ತದೆ. ನಾವು ಬಿಸಿಲಿನ ಊರಿನವರು, ನಮಗೇನು ಎಂಬ ಧೈರ್ಯ ಅಲ್ಲಿ ಕೈಕೊಡುತ್ತದೆ: ಹದಿನೈದು ಗಂಟೆ ಕಾಯ್ದ ಕಲ್ಲುಗೋಡೆಗಳು ರಾತ್ರಿಯೂ ಕಾವು ಉಗುಳುತ್ತವೆ, ಹಳೆಯ ಕಟ್ಟಡಗಳಲ್ಲಿ ಏಸಿ ಇರಲಿ, ಚಾವಣಿಯ ಫ್ಯಾನೂ ಇರುವುದಿಲ್ಲ. ಪ್ರಾಚೀನ ನಗರದ ಅವಶೇಷಗಳಿರುವ ರೋಮನ್ ಫೋರಂನಲ್ಲಿ ನೆರಳೆಂಬುದು ದುರ್ಲಭ. ಆಗಸ್ಟ್ 15ರ ‘ಫೆರ‍್ರಗೋಸ್ತೊ’ ಹಬ್ಬದ ಆಚೀಚೆ ಮನೆಮಂದಿ ನಡೆಸುವ ಎಷ್ಟೋ ಹೋಟೆಲುಗಳು ಬಾಗಿಲೆಳೆದುಕೊಂಡು ಸಮುದ್ರದ ಕಡೆ ಹೋಗಿರುತ್ತವೆ. ವಿಯೆನ್ನಾದ ಸರ್ಕಾರಿ ಒಪೆರಾಗೆ ಜುಲೈ-ಆಗಸ್ಟ್ ರಜೆ. ಅರಮನೆಯ ಪ್ರಾರ್ಥನಾಮಂದಿರದಲ್ಲಿ ಭಾನುವಾರ ಹಾಡುವ ಪ್ರಸಿದ್ಧ ಬಾಲಕರ ಗಾಯನ ಮೇಳವೂ ಆಗ ಇರುವುದಿಲ್ಲ. ಸಂಗೀತದ ಊರಿಗೆ ಸಂಗೀತವಿಲ್ಲದ ಹೊತ್ತಿನಲ್ಲಿ ಹೋಗುವುದು ಯಾವ ಚೆಂದ? ಮೇ ತಿಂಗಳಲ್ಲಾದರೆ ವಿಯೆನ್ನಾದಲ್ಲಿ ಕಛೇರಿಗಳೆಲ್ಲ ನಡೆಯುತ್ತಿರುತ್ತವೆ. ಪ್ರಾಗ್‌ನಲ್ಲಿ 1946ರಿಂದ ನಡೆದುಬಂದಿರುವ ‘ಪ್ರಾಗ್ ವಸಂತ’ ಸಂಗೀತೋತ್ಸವ ಸಂಗೀತಕಾರ ಸ್ಮೆತಾನಾ ತೀರಿಕೊಂಡ ದಿನವಾದ ಮೇ 12ರಂದು ಶುರುವಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗೀಳಿದ್ದರೆ ಮರಳುವ ದಿನವನ್ನು ಎರಡು ದಿನ ಮುಂದೂಡಿ, ಇಲ್ಲದಿದ್ದರೆ ಹೋಟೆಲ್ ದರ ಏರುವ ಮೊದಲೇ ಹೊರಟುಬನ್ನಿ.

ಊಟದ ದೃಷ್ಟಿಯಿಂದಲೂ ನಿಮಗೆ ವಸಂತವೇ ಅನುಕೂಲ, ಇದು ಅನೇಕರಿಗೆ ತಿಳಿಯದ ವಿಷಯ. ಅಲ್ಲಿನ ಹೋಟೆಲುಗಳು ಆಯಾ ಋತುವಿನ ತರಕಾರಿಗೆ ಪ್ರತ್ಯೇಕ ಪಟ್ಟಿ ಹಾಕುತ್ತವೆ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ವಿಯೆನ್ನಾದಲ್ಲಿ ಬಿಳಿ ಶತಾವರಿಯ ದಂಟಿನ ಕಾಲ; ‘ಷ್ಪಾರ್ಗೆಲ್’ ಎಂದು ಹಲಗೆಯ ಮೇಲೆ ಬರೆದಿರುತ್ತಾರೆ. ಬೇಯಿಸಿದ ಆಲೂಗಡ್ಡೆಯ ಜೊತೆ ಅದೇ ಒಂದು ಪೂರ್ಣ ಊಟ. ಹಂದಿಮಾಂಸದ ಹೋಳು ಬೇಡವೆಂದು ಮೊದಲೇ ಹೇಳಿ. ಮೊಟ್ಟೆ ತಿನ್ನದವರು ಹಳದಿ ಸಾಸ್ ಬದಲು ಕರಗಿಸಿದ ಬೆಣ್ಣೆ ಕೇಳಬೇಕು. ರೋಮ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಆರ್ಟಿಚೋಕ್ ಎಂಬ ಮೊಗ್ಗಿನ ಕಾಲ, ನೀವು ತಲುಪುವಾಗ ಕೊನೆಯ ಪಸಲು ಇರುತ್ತದೆ. ಚಳಿಗಾಲದಲ್ಲಿ ರೋಮ್‌ನವರು ಇಷ್ಟಪಡುವ ‘ಪುಂತರೆಲ್ಲೆ’ ಎಂಬ ಸೊಪ್ಪಿನ ಕೋಸಂಬರಿ ನೋಡಲು ಶುದ್ಧ ಸಸ್ಯಾಹಾರ, ಆದರೆ ಅದರ ಒಗ್ಗರಣೆಯಲ್ಲಿ ಅರೆದ ಮೀನಿರುತ್ತದೆ. ದಸರಾ ಹೊತ್ತಿಗೆ ಹೋದರೆ ವಿಯೆನ್ನಾದಲ್ಲಿ ಕುಂಬಳಕಾಯಿ ಸೂಪು ಸಿಗುತ್ತದೆ. ಮಾಂಸದ ಕಟ್ಟು ಹಾಕಿದ್ದಾರೆಯೇ ಎಂದು ವಿಚಾರಿಸಿ. ಪ್ಲಮ್ ಹಣ್ಣನ್ನು ಆಲೂಗಡ್ಡೆಯ ಕಣಕದಲ್ಲಿಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ರೊಟ್ಟಿಪುಡಿಯಲ್ಲಿ ಹೊರಳಿಸಿ ಕೊಡುವ ಉಂಡೆಯನ್ನು ಅತ್ತೆಯವರು ಕಂಡರೆ ಸಿಹಿಗಡುಬಿನ ದಾಯಾದಿ ಎಂದೇ ಗುರುತಿಸುತ್ತಾರೆ, ಕಣಕಕ್ಕೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಲಿ. ನೀರಿಗಾಗಿ ಖರ್ಚು ಮಾಡಬೇಡಿ. ರೋಮ್‌ನ ಬೀದಿ ಬೀದಿಯಲ್ಲಿ ‘ನಸೋನೆ’ ಎಂಬ, ದೊಡ್ಡ ಮೂಗಿನ ಎರಕದ ಕಬ್ಬಿಣದ ನಲ್ಲಿ ಹಗಲಿರುಳೂ ಹರಿಯುತ್ತಿರುತ್ತದೆ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿರುವ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಒಂಬತ್ತು ವರ್ಷದ ಮಗುವಿಗೆ ಇದನ್ನು ತೋರಿಸಿದಿರೋ, ಕೊಲೋಸಿಯಂ ಮರೆತುಹೋಗುತ್ತದೆ.

ಉಳಿದದ್ದು ವೀಸಾ. ಮೂರೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು, ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಹಂಚಿಕೆಯಂತೆ ನಿಮಗದು ಇಟಲಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಹನ್ನೆರಡರ ಒಳಗಿನ ಮಗುವಿನ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಮಂಡಿನೋವಿನಂಥ ಹಳೆಯ ತೊಂದರೆಗಳು ಅದರಲ್ಲಿ ಸೇರುತ್ತವೆಯೇ ಎಂದು ಓದಿ ನೋಡಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ. ಬೇಸಿಗೆ ರಜೆಯವರೆಲ್ಲ ಫೆಬ್ರವರಿ-ಮಾರ್ಚ್‌ನಲ್ಲಿ ಒಟ್ಟಿಗೆ ಮುಗಿಬಿದ್ದು ದಿನಾಂಕ ಸಿಗದೆ ಪರದಾಡುವುದರಿಂದ, ಏಪ್ರಿಲ್ ಕೊನೆಯ ಪ್ರಯಾಣಕ್ಕೆ ಡಿಸೆಂಬರ್‌ನಲ್ಲೇ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಐವರಿಗೂ ಒಂದೇ ದಿನದ ಸಮಯ ಹಿಡಿಯಿರಿ. ವೀಸಾ ಕೈಸೇರಿದ ಮೇಲೆ ಕೊಲೋಸಿಯಂ ಟಿಕೆಟ್ ಕೊಳ್ಳಿ; ಅದು ಭೇಟಿಗೆ 30 ದಿನ ಮೊದಲು ಮಾರಾಟಕ್ಕೆ ಬರುತ್ತದೆ, ಅದರಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಬೇಕು. ಬೆಳಗಿನ ಮೊದಲ ಸರದಿಯನ್ನೇ ಆರಿಸಿಕೊಳ್ಳಿ, ಮತ್ತು ಒಳಗೆ ಮೇಲಂತಸ್ತಿಗೆ ಲಿಫ್ಟ್ ಎಲ್ಲಿದೆಯೆಂದು ಬಾಗಿಲಲ್ಲೇ ಕೇಳಿ, ಅತ್ತೆಯವರು ಆ ಎತ್ತರದ ಮೆಟ್ಟಿಲುಗಳನ್ನು ಹತ್ತಬೇಕಾಗಿಲ್ಲ.